ಬನ್ನಿ ಮರ: ನಂಬಿಕೆಯಿಂದ ಪರಿಸರ ನೇತೃತ್ವದೆಡೆಗೆ

ಪೀಠಿಕೆ
ಹಾಲಹರವಿ, ಹೊಳಗುಂದ, ಆದೋನಿ ಭಾಗದ ಮಕ್ಕಳಿಗೆ ಬನ್ನಿ ಮರ ಹೊಸತಲ್ಲ. ದೇವರಗಟ್ಟಿನ ಮಾಳಮಲ್ಲೇಶ್ವರನ ದಸರಾ ಉತ್ಸವಕ್ಕೆ ‘ಬನ್ನಿ’ ಎಂದೇ ಹೆಸರು. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ನಮಸ್ಕರಿಸುವುದು ವಾಡಿಕೆ. ಆದರೆ ಪೂಜೆಗೊಂಡ ಮರದ ಕೊಂಬೆಗಳನ್ನೇ ಆ ದಿನ ಮುರಿದೊಯ್ಯುವುದೂ ಉಂಟು. ಮರವನ್ನು ಪೂಜಿಸುವ ನಂಬಿಕೆಯು ಮರವನ್ನು ಉಳಿಸುವ ನಡೆಯಾಗುವುದು ಹೇಗೆ ಎಂಬುದೇ ಈ ಪಾಠದ ಪ್ರಶ್ನೆ.

ವಿಷಯ ವಿವರಣೆ
ತೆಲುಗಿನಲ್ಲಿ ‘ಜಮ್ಮಿ’ ಎನಿಸುವ ಬನ್ನಿಯ ಬೇರು ಆಳಕ್ಕಿಳಿಯುವುದರಿಂದ ಅದು ಬರವನ್ನು ತಾಳಬಲ್ಲದು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಎಲೆ ಕುರಿ-ಮೇಕೆಗಳಿಗೆ ಮೇವು. ಅದರ ಹತ್ತಿರದ ಸಂಬಂಧಿಯಾದ ಬಳ್ಳಾರಿ ಜಾಲಿ ಅಮೆರಿಕ ಖಂಡದ ಮೂಲದ್ದು. ಅದು ಪಾಳುಭೂಮಿಯನ್ನೂ ಹಳ್ಳದ ದಂಡೆಯನ್ನೂ ಆಕ್ರಮಿಸಿ ಸ್ಥಳೀಯ ಸಸ್ಯಗಳನ್ನು ಹಿಂದೆ ಸರಿಸುತ್ತದೆ.

ನಿದರ್ಶನ
ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಮೀಸಲು ಸ್ಥಾನಮಾನವನ್ನು ಸರ್ಕಾರ 2016ರಲ್ಲಿ ಹಿಂಪಡೆಯಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರು ಹೋರಾಡಿದರು. 2017ರಲ್ಲಿ ಆ ಸ್ಥಾನಮಾನ ಮರಳಿತು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಇಲ್ಲಿ ಮಠದ ಮೇಲಿನ ಭಕ್ತಿಯು ನೆಲದ ಕಾಳಜಿಯಾಗಿ ಪರಿಣಮಿಸಿತು.

ಚಟುವಟಿಕೆ
1. ಶಿಕ್ಷಕರ ಮೊಬೈಲಿನಲ್ಲಿ ಊರಿನ ಬನ್ನಿ ಮರಗಳ ಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕವನ್ನು ಬರೆದಿಡುವುದು.
2. ಗಿಡ ಗುರುತಿಸುವ ಆ್ಯಪ್ ನೀಡಿದ ಹೆಸರನ್ನು ಮುಳ್ಳು ನೋಡಿ ಪರೀಕ್ಷಿಸುವುದು. ಬನ್ನಿಯ ಸಣ್ಣ ಮುಳ್ಳುಗಳು ರೆಂಬೆಯುದ್ದಕ್ಕೂ ಚದುರಿರುತ್ತವೆ. ಜಾಲಿಯ ಉದ್ದ ಮುಳ್ಳುಗಳು ಎಲೆಯ ಬುಡದಲ್ಲಿರುತ್ತವೆ.
3. ಹಿಂದೆ ಎಷ್ಟು ಮರಗಳಿದ್ದವೆಂದು ಹಿರಿಯರನ್ನು ಕೇಳಿ ಕನ್ನಡದಲ್ಲಿ ಧ್ವನಿಮುದ್ರಿಸುವುದು.
4. ದಸರೆಗೆ ಮುನ್ನ ‘ಕೊಂಬೆ ಬೇಡ, ಒಂದೆಲೆ ಸಾಕು’ ಎಂದು ಊರವರಲ್ಲಿ ವಿನಂತಿಸುವುದು. ಮಳೆಗಾಲದಲ್ಲಿ ಸಸಿ ನೆಡುವುದು.

ಶಿಕ್ಷಕರ ಗಮನಕ್ಕೆ
ಆಚರಣೆಯನ್ನು ಹೀಯಾಳಿಸಬಾರದು, ಯಾವ ಮಗುವನ್ನೂ ಪೂಜೆಗೆ ಒತ್ತಾಯಿಸಲೂಬಾರದು. ನೆಟ್ಟ ಗಿಡದ ಫಲವನ್ನು ಹಕ್ಕಿಪಕ್ಷಿ ತಿಂದರೂ ಅದು ದಾನವೇ ಎಂಬ ಬೋಧೆ ಇಸ್ಲಾಮಿನಲ್ಲಿದೆ. ಪ್ರತಿ ಮಗುವೂ ತನ್ನ ಮನೆಯ ನಂಬಿಕೆಯಿಂದಲೇ ಮರದ ಬಳಿಗೆ ಬರಲಿ. ಮೊಬೈಲಿಗೆ ಬಂದ ಸಂದೇಶ ಭಕ್ತಿಯ ಮಾತಾಡಿದರೂ ಪರಿಶೀಲಿಸದೆ ಹಂಚಬಾರದೆಂದು ತಿಳಿಸಬೇಕು.

ಮೌಲ್ಯಮಾಪನ
ತೆಗೆದ ಚಿತ್ರಗಳ ಸಂಖ್ಯೆ ಇಲ್ಲಿ ಅಳತೆಗೋಲಲ್ಲ. ಮುಂದಿನ ದಸರೆಯಲ್ಲಿ ಅದೇ ಮರಗಳನ್ನು ಮತ್ತೆ ನೋಡಬೇಕು. ಎಷ್ಟು ಕೊಂಬೆ ಉಳಿದಿವೆ, ಎಷ್ಟು ಸಸಿ ಚಿಗುರಿವೆ ಎಂಬುದೇ ಈ ಪಾಠದ ಉತ್ತರಪತ್ರಿಕೆ.