ಲೆಕ್ಕವೂ ದಯೆಯೂ

ದೇವಾಲಯದ ಜೀರ್ಣೋದ್ಧಾರವು ನೆರವೇರಿ ಶಿಖರಕ್ಕೆ ಕಳಶವೇರಿದ ಈ ಶುಭಸಂದರ್ಭದಲ್ಲಿ, ಸ್ಮರಣಸಂಚಿಕೆಗಾಗಿ ನಾಲ್ಕು ಮಾತು ಬರೆಯಬೇಕೆಂದು ಊರಿನ ಹಿರಿಯರು ಅಪ್ಪಣೆ ಮಾಡಿದರು. ವೇದಾಂತವನ್ನು ವಿವರಿಸುವ ಅಧಿಕಾರವು ನನಗಿಲ್ಲ. ತಲಾಠಿಯಾಗಿ ಹೊಲ, ಪೈರು, ತೆರಿಗೆಗಳ ಲೆಕ್ಕವನ್ನು ಬರೆಯುತ್ತ ಬಂದವನು ನಾನು. ಆದುದರಿಂದ ಲೆಕ್ಕದಲ್ಲಿಯೇ ಅಡಗಿರುವ ಒಂದು ಧರ್ಮಪ್ರಶ್ನೆಯನ್ನು ವಾಚಕರ ಮುಂದಿಡುವೆನು. ನಿಯಮಕ್ಕೆ ತಪ್ಪದೆ ನಡೆದವನು ಧರ್ಮಕ್ಕೂ ತಪ್ಪದೆ ನಡೆದಂತಾಯಿತೇ? ದಯೆಯು ಒಂದು ಕಡೆಗೂ ಲೆಕ್ಕವು ಇನ್ನೊಂದು ಕಡೆಗೂ ಎಳೆದಾಗ ಮನುಷ್ಯನು ಯಾವುದನ್ನು ಅನುಸರಿಸಬೇಕು?

ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸೇರಿದುದಲ್ಲ. ಅಂಗಡಿಯವನು ಮರೆತು ಹೆಚ್ಚಾಗಿ ಕೊಟ್ಟ ಚಿಲ್ಲರೆಯು ಕೈಯಲ್ಲಿರುವಾಗ, ಬದುವಿನ ಮೇಲಿನ ಬೇವಿನಮರವು ಯಾರ ಪಾಲಿಗೆ ಸೇರಬೇಕೆಂದು ಅಣ್ಣತಮ್ಮಂದಿರು ವಾದಿಸುವಾಗ, ಸಾಲಗಾರನ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ತಿಳಿದೂ ವಾಯಿದೆಯ ದಿನ ಬಾಗಿಲಲ್ಲಿ ನಿಂತಾಗ, ಪ್ರತಿಯೊಬ್ಬನೂ ಇದಕ್ಕೆ ಉತ್ತರ ಕೊಡುತ್ತಲೇ ಇರುವನು. ಉತ್ತರವು ಮಾತಿನಲ್ಲಿರುವುದಿಲ್ಲ, ನಡತೆಯಲ್ಲಿರುವುದು.

ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯು ಈ ವಿಚಾರಕ್ಕೆ ಪಾಠಶಾಲೆಯಂತಿದೆ. ೧೨ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿ ಲೆಕ್ಕ ಬರೆದ ಊರು ಇದೇ ಎಂದು ಪ್ರತೀತಿ. ಮುಂದೆ ಅವರು ಭಂಡಾರಿಗಳಾದಾಗ, ಅರಸನ ಹಣವನ್ನು ಜಂಗಮರಿಗೆ ಸವೆಸುತ್ತಿರುವರೆಂದು ದೂರು ಹೋಯಿತು. ಭಂಡಾರವನ್ನು ತೆರೆಯಿಸಿ ಎಣಿಸಿದಾಗ ಕೊರತೆ ಕಾಣಲಿಲ್ಲವೆಂದು ಪುರಾಣಕಾರರು ಹೇಳುವರು. ದಾಸೋಹಕ್ಕೆ ಮನೆ ತೆರೆದವರು ಲೆಕ್ಕವನ್ನು ಸಡಿಲಬಿಡಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಅದೇ ಊರಿನಲ್ಲಿ ೧೫ನೆಯ ಶತಮಾನದಲ್ಲಿ ಬೀದರದ ಸುಲ್ತಾನನ ಅಧಿಕಾರಿಯಾಗಿದ್ದವರು ದಾಮಾಜಿಪಂತರು. ಘೋರವಾದ ಬರಗಾಲದಲ್ಲಿ ಜನರು ಹಸಿವಿನಿಂದ ಸಾಯುವುದನ್ನು ನೋಡಲಾರದೆ ಅವರು ಸರಕಾರದ ಕಣಜವನ್ನು ತೆರೆದು ಧಾನ್ಯವನ್ನು ಹಂಚಿದರು. ಸುದ್ದಿಯು ಬೀದರವನ್ನು ಮುಟ್ಟಿ ಅವರಿಗೆ ಕರೆ ಬಂದಿತು. ಅವರು ಅಲ್ಲಿಗೆ ತಲಪುವ ಮೊದಲೇ ಪಂಢರಪುರದ ವಿಠ್ಠಲನು ವಿಠು ಎಂಬ ಮಹಾರನ ವೇಷದಿಂದ ಆಸ್ಥಾನಕ್ಕೆ ಹೋಗಿ, ಧಾನ್ಯದ ಬೆಲೆಯನ್ನು ಸಲ್ಲಿಸಿ ರಸೀದಿಯನ್ನು ಪಡೆದನೆಂದು ಭಕ್ತರು ಇಂದಿಗೂ ಹಾಡುವರು.

ಈ ಕಥೆಯನ್ನು ಲೆಕ್ಕಿಗನ ಕಣ್ಣಿನಿಂದ ನೋಡಿದಾಗ ಒಂದು ವಿಶೇಷವು ತೋರುವುದು. ದೇವನು ಸುಲ್ತಾನನ ಮನಸ್ಸನ್ನು ಕರಗಿಸಿದನೆಂದು ಜನರು ಹೇಳಬಹುದಾಗಿತ್ತು. ಖಾಲಿಯಾದ ಕಣಜವು ತಾನಾಗಿ ತುಂಬಿತೆಂದಾದರೂ ಹೇಳಬಹುದಾಗಿತ್ತು. ಹಾಗೆ ಹೇಳಲಿಲ್ಲ. ದೇವನು ಸೇವಕನಾಗಿ ದಾರಿ ನಡೆದು, ಹಣವನ್ನು ಸಲ್ಲಿಸಿ, ರಸೀದಿ ಕೇಳಿ ತಂದನೆಂದೇ ಹೇಳಿದರು. ಹಸಿದವನಿಗೆ ಅನ್ನವೂ ಸಿಗಬೇಕು, ಲೆಕ್ಕವೂ ಚುಕ್ತಾ ಆಗಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ಜನರ ಮನಸ್ಸಿಗೆ ಸಮಾಧಾನವಿಲ್ಲ. ದಾಮಾಜಿಪಂತರು ಕಣಜವನ್ನು ಗುಟ್ಟಾಗಿ ತೆರೆಯಲಿಲ್ಲ, ತಮಗಾಗಿ ತೆರೆಯಲಿಲ್ಲ, ದಂಡನೆಗೆ ಹೆದರಿ ಓಡಲಿಲ್ಲ. ತಮ್ಮ ದಯೆಯ ಬೆಲೆಯನ್ನು ತಾವೇ ತೆರಲು ಸಿದ್ಧರಾಗಿದ್ದರು. ಪರರ ಸೊತ್ತಿನಿಂದ ದಾನಶೂರನೆನಿಸಿಕೊಳ್ಳುವವನಿಗೂ ಅವರಿಗೂ ಇರುವ ಭೇದವು ಇದೇ.

ಲೆಕ್ಕದ ಕಡೆಯ ಪಾಠವನ್ನು ಶರಣೆ ಆಯ್ದಕ್ಕಿ ಲಕ್ಕಮ್ಮನು ಕಲಿಸಿದಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದಳು. ಬಡತನದಲ್ಲಿಯೂ ಬೇಕಾದುದೆಷ್ಟು ಎಂಬ ಲೆಕ್ಕವು ಅವಳಿಗೆ ತಪ್ಪಲಿಲ್ಲ.

ಇಷ್ಟನ್ನೆಲ್ಲ ಓದಿ ತಿಳಿದಿದ್ದ ನಾನೇ ಒಮ್ಮೆ ತಪ್ಪಿದೆನು. ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟು ಜೋಳದ ಬೆಳೆ ಒಣಗಿತು. ಪರಿಹಾರಕ್ಕೆ ಅರ್ಹರಾದವರ ಯಾದಿಯನ್ನು ನಾನು ಬರೆಯಬೇಕಾಯಿತು. ವಿಧವೆಯೊಬ್ಬಳ ಹೊಲವು ಸಾತಬಾರಾ ಉತಾರದಲ್ಲಿ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲಿತ್ತು. ವಾರಸಾ ನೋಂದಣಿಗಾಗಿ ಅವಳು ಎರಡು ಸಲ ಬಂದಿದ್ದಳು. ಕಾಗದ ಸಾಲದೆಂದು ಎರಡು ಸಲವೂ ಹಿಂದಕ್ಕೆ ಕಳುಹಿಸಿದ್ದೆನು. ಯಾವ ಕಾಗದ, ಎಲ್ಲಿ ಸಿಗುವುದು ಎಂಬುದನ್ನು ಬಿಡಿಸಿ ಹೇಳುವಷ್ಟು ವ್ಯವಧಾನ ತೋರಲಿಲ್ಲ. ಸತ್ತವನಿಗೆ ಪರಿಹಾರವಿಲ್ಲ; ಅವಳ ಹೆಸರು ದಾಖಲೆಯಲ್ಲಿಲ್ಲ. ಯಾದಿಯಿಂದ ಬಿಟ್ಟೆನು. ನಾನು ಬರೆದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾರೂ ನನ್ನನ್ನು ತಪ್ಪಿತಸ್ಥನೆನ್ನಲಿಲ್ಲ. ಅವಳು ಮಾತ್ರ, "ಹೋಗಲಿ ಬಿಡ್ರಿ ಸಾಹೇಬರ, ನಮ್ಮ ಹಣೆಬರಹ" ಎಂದು ಹೊರಟುಹೋದಳು.

ಅದು ಹಣೆಬರಹವಾಗಿರಲಿಲ್ಲ, ನನ್ನ ಕೈಬರಹವಾಗಿತ್ತು. ಇದು ನನಗೆ ಅರಿವಾದುದು ಈ ಜೀರ್ಣೋದ್ಧಾರದ ವಂತಿಗೆಯನ್ನು ಬರೆದುಕೊಳ್ಳುವಾಗ. ಆಕೆಯು ಸೆರಗಿನಲ್ಲಿ ಎರಡು ಸೇರು ಜೋಳ ಕಟ್ಟಿಕೊಂಡು ಬಂದು ದೇವರ ಮುಂದೆ ಸುರಿದಳು. ಪರಿಹಾರದ ಯಾದಿಯಲ್ಲಿ ನಾನು ಬರೆಯದೆ ಬಿಟ್ಟ ಹೆಸರನ್ನು ದಾನದ ಯಾದಿಯಲ್ಲಿ ಬರೆಯಬೇಕಾಯಿತು. ಮರುದಿನವೇ ಕಾಗದಗಳನ್ನು ಕೂಡಿಸುವುದಕ್ಕೆ ನಾನೇ ಅವಳ ಜೊತೆ ತಿರುಗಿದೆನು. ಹೊಲವು ಅವಳ ಹೆಸರಿಗಾಯಿತು. ಆದರೆ ಆ ವರ್ಷದ ಪರಿಹಾರವು ಮರಳಿ ಬರಲಿಲ್ಲ. ಅದು ನನ್ನ ಬಾಕಿಯಾಗಿಯೇ ಉಳಿದಿರುವುದು.

ನಾನು ಅವಳ ಹೆಸರನ್ನು ಸುಳ್ಳಾಗಿ ಸೇರಿಸಬೇಕಾಗಿತ್ತೆಂದು ಇದರ ಅರ್ಥವಲ್ಲ. ಸುಳ್ಳು ದಾಖಲೆಯು ಇಂದು ಒಬ್ಬಳಿಗೆ ಉಪಕಾರ ಮಾಡಿದರೆ, ನಾಳೆ ಹತ್ತು ಜನರ ಹೊಲವನ್ನು ನುಂಗುವುದು. ಸುಳ್ಳಿಗೂ ನಿರ್ದಯೆಗೂ ನಡುವೆ ಮೂರನೆಯ ದಾರಿಯೊಂದಿತ್ತು. ಅದು ನಾಲ್ಕು ಹೆಜ್ಜೆ ಹೆಚ್ಚು ನಡೆಯುವ ದಾರಿ. ದಯೆಯ ಖರ್ಚನ್ನು ಸರಕಾರದ ಮೇಲಾಗಲಿ ದೇವರ ಹುಂಡಿಯ ಮೇಲಾಗಲಿ ಹಾಕದೆ, ನಮ್ಮ ಸಮಯ, ಶ್ರಮ, ಗಂಟುಗಳಿಂದಲೇ ತೆರಬೇಕು. ಆಗ ನಿಯಮವು ಮುರಿಯುವುದಿಲ್ಲ, ಮನುಷ್ಯನೂ ಮುರಿಯುವುದಿಲ್ಲ. ಅಷ್ಟು ಶ್ರಮಪಡದೆ ನಿಯಮದ ಹಿಂದೆ ಅಡಗುವುದು ಪ್ರಾಮಾಣಿಕತೆಯಲ್ಲ, ಆಲಸ್ಯ.

ಸದ್ಭಕ್ತರೇ, ಜೀರ್ಣವಾದ ಗೋಡೆಯನ್ನು ಕಲ್ಲುಗಾರೆಗಳಿಂದ ಕಟ್ಟಿದೆವು. ಈ ಕಾರ್ಯದ ಜಮಾಖರ್ಚಿನ ಪುಸ್ತಕವನ್ನು ಸಭಾಮಂಟಪದಲ್ಲಿ ಇರಿಸಲಾಗಿದೆ. ಯಾರು ಬೇಕಾದರೂ ತೆರೆದು ನೋಡಬಹುದು. ಮನಸ್ಸಿನ ಪುಸ್ತಕವನ್ನು ಮಾತ್ರ ಪ್ರತಿಯೊಬ್ಬನೂ ರಾತ್ರಿ ದೀಪವಾರಿಸುವ ಮುನ್ನ ತಾನೇ ತೆರೆದು ನೋಡಬೇಕು. ನಮ್ಮ ಲೆಕ್ಕದಲ್ಲಿ ದಯೆಯೂ ನಮ್ಮ ದಯೆಯಲ್ಲಿ ಲೆಕ್ಕವೂ ತಪ್ಪದಿರುವಂತೆ ಸ್ವಾಮಿಯು ಅನುಗ್ರಹಿಸಲೆಂದು ಬೇಡಿಕೊಂಡು ಈ ಬರಹವನ್ನು ಮುಗಿಸುವೆನು.