ದನಗಳ ಚಪ್ಪೆ ರೋಗ: ಅದನ್ನು ಗುರುತಿಸುವ ಬಗೆಯೂ ಚಿಕಿತ್ಸೆಯೂ

ಮುಂಗಾರು ಮಳೆ ಬಿದ್ದು ಗೋಮಾಳದಲ್ಲಿ ಎಳೆಹುಲ್ಲು ಚಿಗುರುವ ಕಾಲದಲ್ಲಿ, ಸಂಜೆ ಚೆನ್ನಾಗಿ ಮೇದು ಬಂದ ಕಡಸು ಬೆಳಗಾಗುವಷ್ಟರಲ್ಲಿ ಒಂದು ಕಾಲನ್ನು ಊರಲಾರದೆ ನಿಂತಿರುವುದೂ, ಮರುದಿನ ಸತ್ತುಬಿದ್ದಿರುವುದೂ ಉಂಟು. ಇದೇ ಚಪ್ಪೆ ರೋಗ. ಇದರಲ್ಲಿ ತೊಡೆ, ಚಪ್ಪೆ, ಭುಜ ಮೊದಲಾದ ಕಡೆಗಳ ದಪ್ಪ ಮಾಂಸಖಂಡವು ದನವು ಬದುಕಿರುವಾಗಲೇ ಸತ್ತು ಕೊಳೆಯುತ್ತದೆ. ಚಿಕಿತ್ಸೆ ಫಲಿಸುವ ಕಾಲವು ಕೆಲವೇ ಗಂಟೆಗಳು. ಆ ಗಂಟೆಗಳು ಬಹುಮಟ್ಟಿಗೆ “ಕಾಲು ಉಳುಕಿರಬೇಕು” ಎಂಬ ಮಾತಿನಲ್ಲಿಯೇ ಕಳೆದುಹೋಗುತ್ತವೆ.

ಈ ರೋಗಕ್ಕೆ ಕಾರಣವು ಕ್ಲಾಸ್ಟ್ರಿಡಿಯಂ ಚೌವೇಯಿ ಎಂಬ ಸೂಕ್ಷ್ಮಜೀವಿ. ಇದು ಗಾಳಿಯಿಲ್ಲದ ಕಡೆಯಲ್ಲಿ ಮಾತ್ರವೇ ಬೆಳೆಯತಕ್ಕದ್ದು. ಗಾಳಿ ತಗುಲಿದಲ್ಲಿ ಗಟ್ಟಿಯಾದ ಬೀಜಾಣುವಿನ ರೂಪವನ್ನು ತಾಳಿ, ಮಣ್ಣಿನಲ್ಲಿ ಅನೇಕ ವರ್ಷ ಕೆಡದೆ ಇರಬಲ್ಲದು. ಮಳೆಯ ನೀರು ಮಣ್ಣನ್ನು ಕದಡಿದಾಗ ಈ ಬೀಜಾಣುಗಳು ಹುಲ್ಲಿನೊಡನೆ ದನದ ಹೊಟ್ಟೆಯನ್ನು ಸೇರಿ, ಅಲ್ಲಿಂದ ರಕ್ತದ ಮೂಲಕ ಮಾಂಸಖಂಡಗಳಿಗೆ ಹೋಗಿ ಸುಮ್ಮನೆ ಅಡಗಿರುವುವು. ಗುದ್ದಾಟದಿಂದಲೋ ಬಿದ್ದ ಪೆಟ್ಟಿನಿಂದಲೋ ಮಾಂಸವು ಒಳಗೆ ಜಜ್ಜಿ ರಕ್ತಸಂಚಾರವು ಕುಂದಿದರೆ, ಅಲ್ಲಿ ಅವುಗಳಿಗೆ ಬೇಕಾದ ಗಾಳಿಯಿಲ್ಲದ ಸ್ಥಳವು ಸಿದ್ಧವಾಗುತ್ತದೆ. ಆಗ ಅವು ಮೊಳೆತು ವಿಷವನ್ನೂ ಅನಿಲವನ್ನೂ ಉಂಟುಮಾಡುವುವು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ, ಗೊಬ್ಬರ ಹಾಕಿದ ಹೊಲಗಳ ಮಣ್ಣು ಗಾಯಕ್ಕೆ ಸೇರಿ ಸೈನಿಕರ ಕಾಲುಗಳು ಕೊಳೆತದ್ದು ಇದೇ ಕುಲದ ಬೇರೆ ಸೂಕ್ಷ್ಮಜೀವಿಗಳಿಂದ.

ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಪ್ರಾಯದ ದನಗಳಿಗೆ ರೋಗವು ಹೆಚ್ಚು. ಅವುಗಳಲ್ಲಿಯೂ ಮೈತುಂಬಿಕೊಂಡು ಪುಷ್ಟವಾಗಿರುವುದೇ ಮೊದಲು ಬೀಳುತ್ತದೆ. ದನದ ದಷ್ಟಪುಷ್ಟತೆಯನ್ನು ನೋಡಿ ಇದಕ್ಕೇನೂ ಆಗದೆಂದು ನಂಬುವುದು ಈ ಒಂದು ರೋಗದಲ್ಲಿ ತಲೆಕೆಳಗಾದ ಲೆಕ್ಕ. ಕುರಿಗಳಿಗೆ ಮಾತ್ರ ಉಣ್ಣೆ ಕತ್ತರಿಸುವಾಗ ಮತ್ತು ಬೀಜ ಒಡೆಯುವಾಗ ಆದ ಗಾಯಗಳಿಂದ ಯಾವ ವಯಸ್ಸಿನಲ್ಲಾದರೂ ಬರಬಹುದು.

ಇನ್ನು ಗುರುತುಗಳು. ಮೊದಲು ದನವು ಕುಂಟುತ್ತದೆ, ಮೇವು ಬಿಡುತ್ತದೆ, ಮೆಲುಕು ಹಾಕುವುದಿಲ್ಲ. ಜ್ವರವು 106 ಡಿಗ್ರಿ ಫ್ಯಾರನ್‌ಹೀಟಿಗೂ ಮೇಲೇರುವುದುಂಟು. ಉಳುಕಿದ ದನವು ಕುಂಟಿದರೂ ಮೇವನ್ನು ಬಿಡುವುದು ಅಪರೂಪ. ಅದಕ್ಕೆ ಜ್ವರವೂ ಬರುವುದಿಲ್ಲ. ಮಳೆಗಾಲದಲ್ಲಿ ಎಳೆಯ ದನವು ಕುಂಟಿದೊಡನೆ ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ನೋಡುವುದಕ್ಕಿಂತ ಬೆಲೆಯುಳ್ಳ ಪರೀಕ್ಷೆ ರೈತನ ಕೈಯಲ್ಲಿ ಬೇರೊಂದಿಲ್ಲ. ಬಳಿಕ ಕಾಲಿನ ಮೇಲ್ಭಾಗದಲ್ಲಿ ಬಾವು ತೋರುತ್ತದೆ. ಆರಂಭದಲ್ಲಿ ಅದು ಬಿಸಿಯಾಗಿದ್ದು, ಮುಟ್ಟಿದರೆ ದನವು ನೋವಿನಿಂದ ಸರಿಯುತ್ತದೆ. ಕೆಲವು ಗಂಟೆಗಳ ಮೇಲೆ ಬಾವಿನ ನಡುಭಾಗವು ತಣ್ಣಗಾಗಿ, ಚರ್ಮವು ಒಣಗಿ ಕಪ್ಪಾಗಿ, ಒತ್ತಿದರೆ ಒಳಗೆ ಚರಚರನೆ ಸದ್ದಾಗುತ್ತದೆ. ಇದು ಮಾಂಸದೊಳಗೆ ತುಂಬಿದ ಅನಿಲದ ಸದ್ದು. ಆಗ ನೋವೂ ಇರದು, ಜ್ವರವೂ ಇಳಿಯುತ್ತದೆ. ಮನೆಯವರು ಗುಣವಾಗುತ್ತಿದೆಯೆಂದು ತಿಳಿಯುವುದು ಈ ಹೊತ್ತಿನಲ್ಲಿಯೇ. ನಿಜವಾಗಿ ನೋವು ನಿಂತದ್ದು ಆ ಮಾಂಸವು ಸತ್ತುದರಿಂದ. ಕುಂಟು ತೋರಿದ 12ರಿಂದ 48 ಗಂಟೆಗಳೊಳಗೆ ದನವು ಸಾಯುವುದೇ ವಾಡಿಕೆ.

ಈ ರೋಗವನ್ನು ಬೇರೆ ಕೆಲವು ರೋಗಗಳಿಂದ ಬೇರ್ಪಡಿಸಿ ತಿಳಿಯಬೇಕು. ಗಳಲೆ ರೋಗದಲ್ಲಿ ಬಾವು ಗಂಟಲಿನ ಕಡೆಗೆ. ಅದರಲ್ಲಿ ಚರಚರ ಸದ್ದಿಲ್ಲ. ಗೊರಸಿನ ಹುಣ್ಣಾದರೆ ಗೊರಸನ್ನು ಎತ್ತಿ ನೋಡಿದರೆ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನೆರಡಿ ರೋಗ. 1870ರ ದಶಕದಲ್ಲಿ ಜರ್ಮನಿಯ ಬೋಲಿಂಗರ್ ಮತ್ತು ಫೇಸರ್ ಎಂಬವರು ಬೇರ್ಪಡಿಸಿ ತೋರಿಸುವವರೆಗೆ ವೈದ್ಯರೂ ಇವೆರಡನ್ನು ಒಂದೆಂದೇ ಎಣಿಸಿದ್ದರು. ನೆರಡಿಯಲ್ಲಿ ದನವು ಹಠಾತ್ತಾಗಿ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸೋರುವುದುಂಟು. ಅದು ಮನುಷ್ಯರಿಗೂ ಅಂಟಿ ಪ್ರಾಣವನ್ನು ತೆಗೆಯಬಲ್ಲದು. ಆದುದರಿಂದ ಹಠಾತ್ತಾಗಿ ಸತ್ತ ದನವನ್ನು, ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ ಹೇಳುವವರೆಗೆ, ಯಾವ ಕಾರಣಕ್ಕೂ ಕೊಯ್ಯಕೂಡದು, ಚರ್ಮವನ್ನು ಸುಲಿಯಕೂಡದು.

ಚಿಕಿತ್ಸೆಯಲ್ಲಿ ಮುಖ್ಯವಾದ ಔಷಧವು ಪೆನಿಸಿಲಿನ್. ಅದನ್ನು ಬಹು ದೊಡ್ಡ ಪ್ರಮಾಣದಲ್ಲಿ ಮೊದಲು ರಕ್ತನಾಳಕ್ಕೂ, ಬಳಿಕ ನಿಧಾನವಾಗಿ ಕರಗುವ ಬಗೆಯದನ್ನು ಮಾಂಸಕ್ಕೂ, ಸಾಧ್ಯವಾದರೆ ಒಂದು ಭಾಗವನ್ನು ಬಾವಿದ ಜಾಗಕ್ಕೂ ಕೊಡುವರು. ದೇಹದ ತೂಕದ ಕಿಲೋಗ್ರಾಮಿಗೆ 44,000 ಯೂನಿಟ್‌ವರೆಗೆ ಕೊಡುವುದುಂಟು. 200 ಕಿಲೋಗ್ರಾಂ ತೂಕದ ಕಡಸಿಗೆ ಇದು 88 ಲಕ್ಷ ಯೂನಿಟ್ಟಾಗುತ್ತದೆ. ಅಂಗಡಿಯಿಂದ ಒಂದು ಚಿಕ್ಕ ಸೀಸೆ ತಂದು ಚುಚ್ಚಿಸಿ ಸಮಾಧಾನಪಡುವುದು ವ್ಯರ್ಥವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಔಷಧವು ರಕ್ತದ ಮೂಲಕ ಹೋಗತಕ್ಕದ್ದು. ಸತ್ತ ಮಾಂಸಕ್ಕೆ ರಕ್ತವೇ ಹರಿಯದು. ಆದಕಾರಣ ವೈದ್ಯರು ಬಾವನ್ನು ಸೀಳಿ, ಸತ್ತ ಮಾಂಸವನ್ನು ತೆಗೆದು, ಗಾಳಿಯಾಡುವಂತೆ ಮಾಡಿ, ಹೈಡ್ರೋಜನ್ ಪೆರಾಕ್ಸೈಡಿನಿಂದ ತೊಳೆಯುವುದೂ ಉಂಟು. ಈ ಕೆಲಸವನ್ನು ಮನೆಯವರು ಮಾಡಕೂಡದು. ಸೋರುವ ದ್ರವದಿಂದ ಕೊಟ್ಟಿಗೆಯ ನೆಲವೇ ರೋಗದ ಬೀಡಾಗುವುದು. ಎಣ್ಣೆ ತಿಕ್ಕಿ ನೀವುವುದರಿಂದ ಜಜ್ಜಿದ ಮಾಂಸವು ಇನ್ನೂ ಜಜ್ಜುತ್ತದೆ. ಬರೆ ಹಾಕುವ ಪದ್ಧತಿಯಿಂದ ನೋವೂ ಕಾಲಹರಣವೂ ಹೊರತು ಬೇರೆ ಫಲವಿಲ್ಲ. ಕುಂಟು ಕಂಡ ಗಳಿಗೆಯಲ್ಲಿಯೇ ಪಶುವೈದ್ಯಶಾಲೆಗೆ ಹೇಳಿಕಳುಹಿಸಬೇಕು, ಇಲ್ಲವೆ 1962 ಸಂಖ್ಯೆಗೆ ದೂರವಾಣಿ ಮಾಡಬೇಕು.

ಸತ್ತ ದನವನ್ನು ಕೆರೆಯಂಗಳದಿಂದಲೂ ಮೇವಿನ ನೆಲದಿಂದಲೂ ದೂರವಾಗಿ, ಆರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಬಯಲಿನಲ್ಲಿ ಎಸೆದರೆ ನಾಯಿ ನರಿಗಳು ಹರಿದು, ಬೀಜಾಣುಗಳನ್ನು ಊರಿನ ಗೋಮಾಳಕ್ಕೆಲ್ಲ ಹಂಚುವುವು. ಈ ರೋಗವು ದನದಿಂದ ದನಕ್ಕೆ ನೇರವಾಗಿ ಅಂಟುವುದಿಲ್ಲ. ಆದರೆ ಒಂದೇ ನೆಲದಲ್ಲಿ ಮೇದ ಉಳಿದವುಗಳಿಗೂ ಅದೇ ಭಯವಿರುವುದರಿಂದ ಮಂದೆಯನ್ನು ಆ ನೆಲದಿಂದ ಬೇರೆಡೆಗೆ ಹೊಡೆಯಬೇಕು.

ಚಿಕಿತ್ಸೆಯು ಇಷ್ಟು ಅನಿಶ್ಚಿತವಾಗಿರುವಲ್ಲಿ ಲಸಿಕೆಯು ಸುಲಭವೂ ಅಗ್ಗವೂ ಆಗಿದೆ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆಯು ತಯಾರಾಗುತ್ತದೆ. ಕರುವಿಗೆ ಆರು ತಿಂಗಳು ತುಂಬಿದ ಮೇಲೆ ಮೊದಲನೆಯ ಸಲವೂ, ಅಲ್ಲಿಂದ ಮುಂದೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆಯೂ ಚರ್ಮದ ಕೆಳಗೆ ಚುಚ್ಚಿಸಬೇಕು. ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಹಿಡಿಯುವುದರಿಂದ ಮೊದಲ ಮಳೆ ಬಿದ್ದ ಮೇಲೆ ಓಡಾಡಿದರೆ ತಡವಾಗುವುದು. ಏಪ್ರಿಲ್ ಮೇ ತಿಂಗಳುಗಳೇ ತಕ್ಕ ಕಾಲ. ಚುಚ್ಚಿದ ಜಾಗದಲ್ಲಿ ಚಿಕ್ಕ ಗಂಟು ಕಟ್ಟಿದರೆ ಹೆದರಬೇಕಾದುದಿಲ್ಲ. ಅದು ತಾನಾಗಿಯೇ ಕರಗುತ್ತದೆ.