ಹೊಲದ ಮನೆಗೆ ಬೆಳಕು ತರುವ ಮುನ್ನ

ತಮ್ಮಾ, ತಂಗೀ,

ಊರ ಮನೆ ಅಣ್ಣನಿಗೆ ಬಿಟ್ಟುಕೊಟ್ಟು ಹೊಲದಲ್ಲೇ ಮನೆ ಕಟ್ಟುತ್ತೇವೆ ಎಂದು ನೀವಿಬ್ಬರೂ ಬಂದು ಹೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬೆಳೆ, ದನ, ಕುರಿ ಎಲ್ಲ ಕಣ್ಣೆದುರಿಗೇ ಇರುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಕಡೆ ಹೋದರೂ ಹೀಗೆ ಹೊಲಕ್ಕೆ ಹೋಗಿ ನೆಲೆಸಿದವರು ಸಿಗುತ್ತಾರೆ. ಗೋಡೆ ಏಳುವ ಮೊದಲೇ ಅವರನ್ನು ಕಾಡುವುದು ಕರೆಂಟಿನ ಚಿಂತೆ. ಅಂಗಡಿಯವರು ನಿಮಗೆ ಬೆಲೆ ಹೇಳುವ ಮುಂಚೆ ನಾನೊಂದಿಷ್ಟು ಹೇಳಿಬಿಡುತ್ತೇನೆ.

ಮೊದಲು ಕಂಬ ಎಷ್ಟು ದೂರದಲ್ಲಿದೆ ನೋಡಿ. ಹತ್ತಿರದಲ್ಲೇ ಊರಿನ ಲೈನು ಇದ್ದರೆ ಮೀಟರ್ ಹಾಕಿಸಿಕೊಳ್ಳುವುದೇ ಒಳ್ಳೆಯದು. 2023ರಿಂದ ಗೃಹಜ್ಯೋತಿ ಯೋಜನೆ ಇದೆ, ಮಿತಿಯೊಳಗೆ ಬಳಸಿದರೆ ಬಿಲ್ಲೇ ಬರುವುದಿಲ್ಲ. ಸ್ವಂತ ಕರೆಂಟು ಎಂಬ ಹುಮ್ಮಸ್ಸಿಗೆ ಬಿದ್ದು ಇರುವ ಲೈನನ್ನು ಬಿಡಬೇಡಿ. ಆದರೆ ಹೊಲದ ಮನೆಗಳ ಕಷ್ಟ ಬೇರೆ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಆಗಿದೆ. ಹೊಲದ ಮನೆ ಸಿಕ್ಕಿಬೀಳುವುದು ಪಂಪ್‌ಸೆಟ್ಟಿನ ಲೈನಿಗೆ. ಅಲ್ಲಿ ಕರೆಂಟು ಬರುವುದು ಬೋರಿನ ಪಾಳಿಗೆ, ನಿಮ್ಮ ಮಕ್ಕಳು ಓದುವ ಹೊತ್ತಿಗಲ್ಲ. ಕಂಬವೇ ಇಲ್ಲದ ಕಡೆ, ಅಥವಾ ಇದ್ದರೂ ಪಂಪಿನ ಲೈನು ಮಾತ್ರ ಇರುವ ಕಡೆ ಸ್ವಂತ ವ್ಯವಸ್ಥೆ ಬೇಕೇ ಬೇಕು. ನಿಮ್ಮದು ಅಂಥ ಜಾಗ.

ಇಲ್ಲಿ ಒಂದು ವಿಷಯದಲ್ಲಿ ಎಚ್ಚರವಾಗಿರಿ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ನಿಜ. ಅದು ಸಿಗುವುದು ಲೈನಿಗೆ ಜೋಡಿಸಿದ ಸೋಲಾರ್‌ಗೆ ಮಾತ್ರ. ಕಂಬವಿಲ್ಲದ ಮನೆಯ ಬ್ಯಾಟರಿ ಸೋಲಾರ್‌ಗೆ ಅದು ಬರುವುದಿಲ್ಲ. ‘ಸಬ್ಸಿಡಿ ಮಾಡಿಸಿಕೊಡ್ತೀನಿ, ಮುಂಗಡ ಕೊಡಿ’ ಎನ್ನುವವರಿಗೆ ಹಣ ಕೊಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದೆಂದೇ ಹಾಗೆ ಮಾಡಿರುವುದು. ಮೇಲೆ ಬಿಸಿಲು ಉರಿಯುತ್ತಿದ್ದರೂ ಮನೆ ಕತ್ತಲಾದರೆ ಅದು ಕೆಟ್ಟಿದೆಯೆಂದು ಎಷ್ಟೋ ಜನ ಗಾಬರಿಯಾಗುತ್ತಾರೆ.

ಈಗ ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ. ತಂಗೀ, ಬರೆಯುವ ಕೆಲಸ ನಿನ್ನದೇ ಆಗಲಿ, ಮನೆಯಲ್ಲಿ ಯಾವುದು ಎಷ್ಟು ಹೊತ್ತು ಉರಿಯುತ್ತದೆಂದು ನಿನಗೆ ಚೆನ್ನಾಗಿ ಗೊತ್ತು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು ದಿನಕ್ಕೆ 5 ತಾಸು ಉರಿದರೆ ಕಾಲು ಯೂನಿಟ್‌ಗೂ ಕಡಿಮೆ. ಟಿವಿ 3 ತಾಸು, ಮೊಬೈಲು, ಚಟ್ನಿಗೆ ಹತ್ತು ನಿಮಿಷ ಮಿಕ್ಸಿ, ಎಲ್ಲ ಸೇರಿ ಇನ್ನೊಂದು ಕಾಲು ಯೂನಿಟ್ ಚಿಲ್ಲರೆ. ಲೆಕ್ಕ ಕೆಡಿಸುವುದು ಫ್ಯಾನು. ಹಳೇ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಅಂಥವೆರಡು 10 ತಾಸು ತಿರುಗಿದರೆ 1.5 ಯೂನಿಟ್. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು, ಎರಡಕ್ಕೂ ಸೇರಿ 0.6 ಯೂನಿಟ್. ಎರಡು ಹೊಸ ಫ್ಯಾನಿನ ಬೆಲೆ ಒಂದು ಬ್ಯಾಟರಿಯ ಬೆಲೆಗಿಂತ ಕಡಿಮೆ. ಹಾಗಾಗಿ ಸೋಲಾರ್ ಅಂಗಡಿಗೆ ಹೋಗುವ ಮುನ್ನ ಫ್ಯಾನಿನ ಅಂಗಡಿಗೆ ಹೋಗಿ. ಹೀಗೆ ಮಾಡಿದರೆ ಇಡೀ ಮನೆ ದಿನಕ್ಕೆ 1.1 ಯೂನಿಟ್ ಆಸುಪಾಸಿನಲ್ಲಿ ನಡೆಯುತ್ತದೆ. ಫ್ರಿಜ್ ಬೇಕೆಂದರೆ ಅದೊಂದೇ ಇನ್ನೊಂದು ಯೂನಿಟ್ ಹತ್ತಿರ ಕೇಳುತ್ತದೆ, ಪ್ಯಾನೆಲ್ಲೂ ಬ್ಯಾಟರಿಯೂ ಎರಡರಷ್ಟಾಗುತ್ತವೆ. ಹೈನ ಇಟ್ಟು ಹಾಲು ಮಾರುವವರಿಗೆ ಅದು ದುಡಿದುಕೊಡುತ್ತದೆ, ಉಳಿದವರು ಎರಡು ವರ್ಷ ತಡೆಯಬಹುದು. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಈ ಹಾಳೆಗೆ ಬರಲೇಬಾರದು.

ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಮಳೆ ಕೈಕೊಟ್ಟ ಈ ಸೀಮೆಗೆ ಅದೊಂದು ದೊಡ್ಡ ಆಸ್ತಿ. ಪಾವಗಡದವರು 13,000 ಎಕರೆ ಬರದ ನೆಲದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಜಾಗ ಕೊಟ್ಟದ್ದು ಇದೇ ಬಿಸಿಲನ್ನು ನಂಬಿ. ಆದರೆ ಬಿಸಿಲು ಬೇರೆ, ಸೆಕೆ ಬೇರೆ. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು. ಏಪ್ರಿಲ್ ಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟಿದಾಗ ಉತ್ಪತ್ತಿ ನೂರಕ್ಕೆ ಹತ್ತು ಹನ್ನೆರಡು ಪಾಲು ಇಳಿಯುತ್ತದೆ. ತಗಡಿಗೆ ಅಂಟಿಸಿದಂತೆ ಕೂರಿಸಿದರೆ ಇನ್ನೂ ಇಳಿಯುತ್ತದೆ. ಕೆಳಗೆ ಗಾಳಿಯಾಡುವಂತೆ ಅರ್ಧ ಅಡಿಯಾದರೂ ಎತ್ತರಿಸಿ. ನಮ್ಮ ಐದೂ ಊರುಗಳು 15 ಡಿಗ್ರಿ ಅಕ್ಷಾಂಶದ ಆಚೀಚೆ ಇವೆ, ಪ್ಯಾನೆಲ್ಲನ್ನು ತೆಂಕಣಕ್ಕೆ ಮುಖ ಮಾಡಿ 15 ಡಿಗ್ರಿ ವಾಲಿಸಿದರೆ ವರ್ಷವಿಡೀ ನಡೆಯುತ್ತದೆ. ಬೇವಿನ ಮರದ ಒಂದು ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪತ್ತಿ ಅರ್ಧಕ್ಕೆ ಬೀಳಬಹುದು. ಮರ ಕಡಿಯಬೇಡಿ, ಪ್ಯಾನೆಲ್ಲಿಗೆ ಬೇರೆ ಜಾಗ ಹುಡುಕಿ. ಮಣ್ಣಿನ ಮಾಳಿಗೆಗೆ ತೂತು ಹೊಡೆಯುವುದೂ ಬೇಡ, ಅಂಗಳದಲ್ಲಿ ಕಾಂಕ್ರೀಟು ಹಾಕಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದರೆ ಒರೆಸಲೂ ಸುಲಭ. ಬೋಲ್ಟು ಗಟ್ಟಿಯಾಗಿರಲಿ, ಮೇ ತಿಂಗಳ ಅಡ್ಡಮಳೆಯ ಗಾಳಿ ತಗಡನ್ನೇ ಕಿತ್ತೊಯ್ಯುತ್ತದೆ.

ನಿಮ್ಮ 1.1 ಯೂನಿಟ್‌ಗೆ, ಹಾದಿಯಲ್ಲಿ ಸೋರುವುದನ್ನೂ ಸೇರಿಸಿ, ದಿನಕ್ಕೆ 1.6 ಯೂನಿಟ್ ಹುಟ್ಟಬೇಕು. 400 ವ್ಯಾಟಿನ ಒಂದು ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಅಷ್ಟು ಕೊಡುತ್ತದೆ. ಆದರೆ ನಾನು ಎರಡು ಹಾಕಿ ಎನ್ನುತ್ತೇನೆ. ಆಷಾಢದಲ್ಲಿ ಮೋಡ ಕವಿದು ಉತ್ಪತ್ತಿ ಅರ್ಧವಾದ ದಿನವೂ ಮನೆ ನಡೆಯಬೇಕಲ್ಲ. ಪ್ಯಾನೆಲ್ ಈಗ ಅಗ್ಗವಾಗಿದೆ, 25 ವರ್ಷ ಬಾಳುತ್ತದೆ. ಮೋಡದ ದಿನಕ್ಕೆಂದು ಬ್ಯಾಟರಿ ಹೆಚ್ಚಿಸುವುದಕ್ಕಿಂತ ಪ್ಯಾನೆಲ್ ಹೆಚ್ಚಿಸುವುದು ಜಾಣತನ. ನಡುವೆ ಕೂರುವ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದ್ದೇ ಇರಲಿ. ಅಗ್ಗದ ಪಿಡಬ್ಲ್ಯೂಎಂ ಹಾಕಿ ಇಂಥ ಪ್ಯಾನೆಲ್ಲನ್ನು 12 ವೋಲ್ಟ್ ಬ್ಯಾಟರಿಗೆ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಕರೆಂಟು ನಿಮಗೆ ದಕ್ಕುವುದೇ ಇಲ್ಲ.

ಮೆಕ್ಕೆಜೋಳದ ಒಕ್ಕಣೆ ನಡೆಯುವಾಗ ಗಾಜಿನ ಮೇಲೆ ದೂಳು ಹೊದಿಕೆಯಂತೆ ಕೂರುತ್ತದೆ. ಬೆಳಗಿನ ತಂಪಿನಲ್ಲಿ ಒರೆಸಿ, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ನಮ್ಮ ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ಒದ್ದೆ ಬಟ್ಟೆಯ ಹಿಂದೆಯೇ ಒಣಬಟ್ಟೆ ಆಡಿಸಿ.

ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಗಮನವಿಟ್ಟು ಕೇಳಿ. ಸೋಲಾರ್ ಹಾಕಿಸಿ ಮೂರನೇ ವರ್ಷಕ್ಕೆ ‘ಇದು ಬರೀ ಮೋಸ’ ಎಂದು ಬೈಯುವ ಮನೆಗಳಲ್ಲಿ ಬಹುಪಾಲು ಸತ್ತಿರುವುದು ಪ್ಯಾನೆಲ್ ಅಲ್ಲ, ಬ್ಯಾಟರಿ. ನಮ್ಮಲ್ಲಿ ಸಿಗುವ 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯ ಹೊಟ್ಟೆಯಲ್ಲಿ 1.8 ಯೂನಿಟ್ ಇರುತ್ತದೆ. ಅಷ್ಟನ್ನೂ ಹೀರಬಾರದು, ಅರ್ಧ ಬಳಸಿ ಅರ್ಧ ಬಿಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ. ದಿನವೂ ಬರಿದು ಮಾಡಿದರೆ ಎರಡು ವರ್ಷವೂ ಬಾಳದು. ಅಂಥ ಎರಡನ್ನು 24 ವೋಲ್ಟಿಗೆ ಜೋಡಿಸಿಕೊಳ್ಳಿ, ನಿಮ್ಮ ರಾತ್ರಿಗೆ ಸಾಕಾಗಿ ಮಿಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೊದಲ ಖರ್ಚು ಹೆಚ್ಚು, ಆದರೆ ನೂರಕ್ಕೆ 80 ಪಾಲು ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಹತ್ತು ವರ್ಷ ಬರಬಹುದು. ಕೈಯಲ್ಲಿ ದುಡ್ಡಿದ್ದು, ವಾರಂಟಿಯನ್ನು ಬರೆದುಕೊಡುವ ಅಂಗಡಿ ಸಿಕ್ಕರೆ ಅದನ್ನೇ ಕೊಳ್ಳಿ.

ಟ್ಯೂಬುಲರ್ ಕೊಂಡರೆ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್. ಬೋರಿನ ನೀರನ್ನಾಗಲಿ, ಕುಡಿಯುವ ನೀರಿನ ಘಟಕದ ಕ್ಯಾನ್ ನೀರನ್ನಾಗಲಿ ಒಂದು ಲೋಟವೂ ಹಾಕಬೇಡಿ, ಅದರಲ್ಲಿರುವ ಲವಣ ಒಳಗಿನ ತಟ್ಟೆಗಳನ್ನು ತಿಂದುಹಾಕುತ್ತದೆ. ಸೆಕೆಯೂ ಬ್ಯಾಟರಿಗೆ ಶತ್ರು. ಹತ್ತು ಡಿಗ್ರಿ ಸೆಕೆ ಏರಿದರೆ ಅದರ ಆಯಸ್ಸು ಅರ್ಧವಾಗುತ್ತದೆ. ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಪಡುವಣ ಬಿಸಿಲು ತಾಕದ, ಗಾಳಿಯಾಡುವ, ತಂಪಾದ ಕಡೆ ಮಣೆಯ ಮೇಲಿಡಿ. ಮಲಗುವ ಕೋಣೆ ಬೇಡವೇ ಬೇಡ, ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. ಆಯುಧಪೂಜೆಯ ದಿನ ಭಕ್ತಿಯಿಂದ ಬ್ಯಾಟರಿಯ ಮೇಲೆಯೇ ಊದಿನಕಡ್ಡಿ ಚುಚ್ಚುವವರಿದ್ದಾರೆ. ವಿಭೂತಿ ಹಚ್ಚಿ, ಹೂವಿಡಿ, ದೀಪವನ್ನೂ ಕಡ್ಡಿಯನ್ನೂ ಬೇರೆ ಕೋಣೆಯಲ್ಲಿ ಬೆಳಗಿ.

ಅರ್ಥಿಂಗ್ ಬಿಟ್ಟು ವೈರಿಂಗ್ ಮುಗಿಸಲು ಯಾರಿಗೂ ಬಿಡಬೇಡಿ. ಬಯಲಲ್ಲಿ ಒಂಟಿಯಾಗಿ ನಿಂತ ಮನೆಗೆ ಸಿಡಿಲಿನ ಭಯ ಹೆಚ್ಚು. ನಮ್ಮ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಆಗಾಗ ನೀರು ಹುಯ್ಯದಿದ್ದರೆ ಅರ್ಥಿಂಗ್ ಇದ್ದೂ ಇಲ್ಲದಂತೆ.

ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಸಾಲುಸಾಲು ವಿಂಡ್‌ಮಿಲ್ ತಿರುಗುವುದನ್ನು ನೋಡಿ ‘ನಾವೂ ಒಂದು ಚಿಕ್ಕದನ್ನು ಹಾಕೋಣವೇ’ ಎಂದು ತಮ್ಮ ಕೇಳಿದ್ದ. ನನ್ನ ಉತ್ತರ ಬೇಡ ಎಂದೇ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟುಪಟ್ಟಾಗುತ್ತದೆ, ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದು ಪಾಲಿಗೆ ಬೀಳುತ್ತದೆ. ಗುಡ್ಡದ ನೆತ್ತಿಯಲ್ಲಿ 80 ಮೀಟರಿಗೂ ಎತ್ತರದಲ್ಲಿ ಸಿಗುವ ಗಾಳಿ ನಿಮ್ಮ ಮಾಳಿಗೆಯ ಮೇಲೆ ಸಿಗುವುದಿಲ್ಲ. ಮರ, ಗೋಡೆ, ಬಣವೆಗೆ ಬಡಿದು ಸುಳಿಯುವ ಗಾಳಿಯಲ್ಲಿ ಚಿಕ್ಕ ಯಂತ್ರ ಸದ್ದು ಮಾಡುವುದೇ ಹೆಚ್ಚು. ಆಷಾಢ ಶ್ರಾವಣದಲ್ಲಿ ತಿರುಗಿ ಉಳಿದ ತಿಂಗಳು ನಿಂತರೆ ಆ ದುಡ್ಡಿಗೆ ಇನ್ನೂ ನಾಲ್ಕು ಪ್ಯಾನೆಲ್ ಬರುತ್ತಿತ್ತು ಅನ್ನಿಸುತ್ತದೆ. ಮಲೆನಾಡಿನವರು ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕಟ್ಟಿ ಮನೆ ಬೆಳಗಿಸುತ್ತಾರೆ, ನಮ್ಮ ಹಳ್ಳಗಳಲ್ಲಿ ಆ ನೀರಿಲ್ಲ.

ಅಡುಗೆಯನ್ನು ಕರೆಂಟಿಗೆ ಹೊರಿಸಬೇಡಿ ಎಂದೆನಲ್ಲ, ಅದಕ್ಕೆ ಗೋಬರ್ ಗ್ಯಾಸ್ ಇದೆ. ಐದು ದನ ಕಟ್ಟುವವರಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಸಿಗುತ್ತದೆ. 2 ಘನಮೀಟರಿನ ದೀನಬಂಧು ಮಾದರಿಯ ತೊಟ್ಟಿಗೆ ಅಷ್ಟು ಸಾಕು, ಐದಾರು ಜನರ ಎರಡು ಹೊತ್ತಿನ ರೊಟ್ಟಿ, ಅನ್ನ, ಸಾರು ಆಗುತ್ತದೆ. ಸಗಣಿಯಷ್ಟೇ ನೀರೂ ಬೇಕು, ಬೇಸಿಗೆಯಲ್ಲಿ ಅದನ್ನು ಎಲ್ಲಿಂದ ತರುತ್ತೀರಿ ಎಂಬುದನ್ನು ಈಗಲೇ ಯೋಚಿಸಿ. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಕುರಿ ಹಿಕ್ಕೆಯನ್ನು ನಂಬಿ ತೊಟ್ಟಿ ಕಟ್ಟಬೇಡಿ, ಅದು ಕರಗದೆ ಮೇಲೆ ತೇಲಿ ಗಟ್ಟಿಯಾಗುತ್ತದೆ, ಹಿಕ್ಕೆ ಹೊಲಕ್ಕೇ ಸರಿ. ಎರಡೇ ದನ ಇದ್ದರೆ ತೊಟ್ಟಿಯ ಆಸೆ ಬಿಟ್ಟು ಸಿಲಿಂಡರ್ ಇಟ್ಟುಕೊಳ್ಳಿ.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಗೋಬರ್ ಗ್ಯಾಸನ್ನು ಇಡೀ ಊರಿಗೇ ಮಾಡಿ ನೋಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ತಂಡದ ಕೆಲಸವದು. ಮೊದಲು ಎಲ್ಲ ಮನೆಗಳ ಅಡುಗೆಗೆ ಗ್ಯಾಸ್ ಕೊಡಲು ಹೊರಟರು, ಸಗಣಿ ಸಾಲಲಿಲ್ಲ. ಆಮೇಲೆ ಊರವರು ನಮಗೆ ಮೊದಲು ಬೇಕಾದ್ದು ಕುಡಿಯುವ ನೀರು, ದೀಪ ಎಂದರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನಲ್ಲಿಗೆ ನೀರು, ಮನೆಗೆ ಬೆಳಕು ಕೊಟ್ಟರು, ವರ್ಷಗಟ್ಟಲೆ ನಡೆಯಿತು. ಇರುವ ಸಗಣಿಗೆ ತಕ್ಕ ಕೆಲಸವನ್ನು ಆರಿಸಿಕೊಂಡದ್ದಕ್ಕೇ ಅದು ನಡೆದದ್ದು. ನಿಮ್ಮ ಹಾಳೆಯ ಲೆಕ್ಕವೂ ಅದೇ.

ಬೋರಿನ ಮೋಟಾರನ್ನು ಮನೆಯ ಸೋಲಾರ್‌ಗೆ ಜೋಡಿಸುವ ಮಾತೇ ಬೇಡ. ನೂರಾರು ಅಡಿ ಆಳದಿಂದ ನೀರೆತ್ತುವ ಯಂತ್ರಕ್ಕೆ ಮನೆಯ ಬ್ಯಾಟರಿ ಒಂದು ಗಳಿಗೆಯೂ ತಡೆಯದು. ಅದಕ್ಕೆ ಕುಸುಮ್ ಯೋಜನೆಯ ಸೋಲಾರ್ ಪಂಪು ಬೇರೆಯೇ ಇದೆ. ಲೈನಿನಿಂದ 500 ಮೀಟರಿಗಿಂತ ದೂರ ಇರುವ ಬೋರುಗಳಿಗೆ ನಮ್ಮ ಸರ್ಕಾರ ಅದನ್ನೇ ಮುಂದಿಟ್ಟಿದೆ, ಅರ್ಜಿ ಹಾಕಿ. ಹಗಲಿನಲ್ಲಿ ನೀರೆತ್ತಿ ತೊಟ್ಟಿ ತುಂಬಿಸಿದರೆ ರಾತ್ರಿ ಪಾಳಿಗೆಂದು ಹಾವು, ಕರಡಿಗಳ ಭಯದಲ್ಲಿ ಹೊಲಕ್ಕೆ ನಡೆಯುವುದು ತಪ್ಪುತ್ತದೆ. ಗುಡೇಕೋಟೆ ಕಡೆಯವರಿಗೆ ಈ ಮಾತಿನ ಬೆಲೆ ಗೊತ್ತು.

ದುಡ್ಡಿನ ಮಾತು ಉಳಿಯಿತು. 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಕರ್ನಾಟಕದ ಬ್ಯಾಂಕುಗಳಿಗೆ ಮಾಡಿ ತೋರಿಸಿದ್ದು ಇಷ್ಟೇ: ಬಡವರೂ ಸೋಲಾರ್ ಸಾಲ ತೀರಿಸುತ್ತಾರೆ, ಕಂತು ಅವರ ಕೈಗೆ ದುಡ್ಡು ಬರುವ ಹೊತ್ತಿಗೆ ಹೊಂದಿರಬೇಕು. ನಿಮ್ಮ ಗ್ರಾಮೀಣ ಬ್ಯಾಂಕಿನಲ್ಲಿ ಕೇಳುವಾಗ ಮೆಕ್ಕೆಜೋಳ, ಶೇಂಗಾ ಮಾರಾಟವಾಗುವ ತಿಂಗಳಿಗೆ ಕಂತು ಬೀಳುವಂತೆ ಕೇಳಿ. ಕರೆದರೆ ಎರಡು ದಿನದಲ್ಲಿ ಬರುವ ಮೆಕ್ಯಾನಿಕ್ ಕೊಟ್ಟೂರಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಇರುವ ಅಂಗಡಿಯಲ್ಲೇ ಕೊಳ್ಳಿ, ದೂರದೂರಿನ ಅಂಗಡಿಯವರು ನಾಲ್ಕು ಸಾವಿರ ಕಡಿಮೆಗೆ ಕೊಟ್ಟರೂ ಬೇಡ. ಟ್ಯೂಬುಲರ್ ಜೋಡಿ ಐದನೇ ವರ್ಷ ಬದಲಾಯಿಸಲೇಬೇಕು, ಆಗ ಮೂವತ್ತು ಸಾವಿರದ ಮೇಲೆ ಒಟ್ಟಿಗೆ ಬೇಕಾಗುತ್ತದೆ. ತಂಗೀ, ನಿನ್ನ ಸ್ತ್ರೀಶಕ್ತಿ ಸಂಘದಲ್ಲಿ ಬ್ಯಾಟರಿಯ ಹೆಸರಿಗೆ ತಿಂಗಳಿಗೆ 600 ರೂಪಾಯಿ ಕಟ್ಟುತ್ತಾ ಹೋಗು, ಮೊದಲ ದೀಪ ಹತ್ತಿದ ತಿಂಗಳಿಂದಲೇ ಶುರುಮಾಡು.